ಮದುವೆಯಾದವಳಿಗೆ ಮ್ಯೂಸಿಕಲ್ ಚೇರ್ ಸಾಕೇ, ಸಾರ್?

ಮಾನ್ಯ ಕ್ರೀಡಾಧಿಕಾರಿಗಳೇ,

ಮದುವೆಯಾದ ಹೆಂಗಸರಿಗೆ ತಾವು ಕುರ್ಚಿ ಕೊಟ್ಟಿದ್ದೀರಿ. ನಮಗೆ ಬೇಕಾಗಿದ್ದು ಮೈದಾನ. ತಮ್ಮ ಮಹಿಳಾ ಕ್ರೀಡಾಕೂಟದಲ್ಲಿ ‘ವಿವಾಹಿತ ಮಹಿಳೆಯರ ವಿಭಾಗ’ ಅಂತ ಒಂದಿದೆ. ಅದರಲ್ಲಿರುವುದು ಮ್ಯೂಸಿಕಲ್ ಚೇರ್, ನಿಂಬೆಹಣ್ಣು-ಚಮಚ ಮತ್ತು ರಂಗೋಲಿ. ರಂಗೋಲಿ ಯಾವಾಗ ಕ್ರೀಡೆಯಾಯಿತು ಎಂದು ನಾನು ಕೇಳುವುದಿಲ್ಲ. ಖೋ-ಖೋ ಯಾವಾಗ ಕನ್ಯೆಯರ ಸೊತ್ತಾಯಿತು ಎಂದು ಮಾತ್ರ ಕೇಳುತ್ತೇನೆ. ಇದನ್ನೇ ಕೇಳಲು ನಾನು ತಮ್ಮ ಕಚೇರಿಗೂ ಬಂದಿದ್ದೆ, ನೆನಪಿರಬಹುದು. ತಾವು ನನ್ನ ಹಸಿರು ಬಳೆ ನೋಡಿದಿರಿ, ಕಾಲುಂಗುರ ನೋಡಿದಿರಿ, ಆಮೇಲೆ ತುಂಬು ಅಕ್ಕರೆಯಿಂದ ಹೇಳಿದಿರಿ: “ಇನ್ನೆಂಥ ಆಟ ತಂಗೀ, ಮನೆ ಕಡೆ ನೋಡ್ಕೊ. ಬೇಕಾದ್ರೆ ಮ್ಯೂಸಿಕಲ್ ಚೇರಿಗೆ ಹೆಸರು ಕೊಡು.”

ಕೊಟ್ಟೆ. ಅಲ್ಲಿ ಏನಾಯಿತು ಎಂದು ಆಮೇಲೆ ಹೇಳುತ್ತೇನೆ. ಮೊದಲು ನಾನು ಯಾರು ಎಂದು ಹೇಳಬೇಕಲ್ಲ? ತೊಂದರೆ ಶುರುವಾಗುವುದೇ ಅಲ್ಲಿ.

ಯಲ್ಲಾಪುರದಲ್ಲಿ ಹುಟ್ಟಿದವಳು ನಾನು. ಓದಿದ್ದು ಇಂಗ್ಲಿಷ್ ಮೀಡಿಯಂ. ಅಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದರು. ಖೋ ಅಂದರೆ ಹಾಕುತ್ತಿರಲಿಲ್ಲ. ಹಾಗಾಗಿ ನಾನು ಬಾಯಿ ತುಂಬ ಕೂಗಿದ ಮೊದಲ ಪದ ಅದೇ ಇರಬೇಕು. ಪ್ರೈಮರಿಯಿಂದ ಡಿಗ್ರಿ ಮುಗಿಯುವವರೆಗೆ ಯಾರೇ “ಏನ್ ಮಾಡ್ತೀಯವಾ?” ಎಂದರೂ “ಖೋ-ಖೋ ಆಡ್ತೀನಿ” ಎನ್ನುತ್ತಿದ್ದೆ. ಬಿ.ಕಾಂ. ಕೂಡ ಮಾಡುತ್ತಿದ್ದೇನೆ ಎಂಬುದು ನನಗೆ ಪರೀಕ್ಷೆ ಬಂದಾಗಲೇ ನೆನಪಾಗುತ್ತಿತ್ತು. ಡಿಗ್ರಿ ಮುಗಿಯಿತು, ಟೀಮೂ ಮುಗಿಯಿತು. ಅಳಲು ಪುರುಸೊತ್ತು ಸಿಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಪವನ್ ಸಿಕ್ಕಿದರು. ಶಿರಸಿಯವರು, ಪೈಪು-ಮೋಟಾರು ಅಂಗಡಿ ಇಟ್ಟವರು, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವವರು. (ಇದು ಸರ್ಕಾರಿ ವ್ಯವಹಾರಕ್ಕೆ ಅನಗತ್ಯ ಎಂದು ಗೊತ್ತು. ಮದುವೆಯಾಗಿ ಇನ್ನೂ ನಾಲ್ಕು ತಿಂಗಳು ತುಂಬಿಲ್ಲ, ಕ್ಷಮಿಸಬೇಕು.)

ಮದುವೆಯಾದರೆ ಹೊಸ ಹೆಸರು, ಹೊಸ ಮನೆ, ಹೊಸ ಮನುಷ್ಯಳು ಅನ್ನುತ್ತಾರೆ. ಮನಸ್ಸು ಒಪ್ಪಿತು ಸಾರ್. ಬೆನ್ನು ಒಪ್ಪಲಿಲ್ಲ. ಖೋ-ಖೋದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಎದುರು ಟೀಮಿನವರನ್ನು ಓಡಿಸುತ್ತಿರುತ್ತಾಳೆ. ಅವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ ಖೋ ಎಂದ ಕೂಡಲೇ ಕೂತವಳು ಎದ್ದು ಓಡಬೇಕು, ಎಬ್ಬಿಸಿದವಳು ಆ ಜಾಗದಲ್ಲಿ ಕೂರಬೇಕು. ಓಡುವವಳು ತಿರುಗಬೇಕಾದರೆ ಸಾಲಿನ ತುದಿಯ ಕಂಬ ಹಿಡಿದೇ ತಿರುಗಬೇಕು. ಇಷ್ಟು ವರ್ಷ ಇದನ್ನೇ ಮಾಡಿದ ಬೆನ್ನು ನನ್ನದು. ಬೀಗರ ಊಟದ ದಿನ ಹಂದರದಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಅತ್ತೆಯ ಅಕ್ಕ ಪಾರ್ವತವ್ವ ಹಿಂದಿನಿಂದ ಬಂದು, ಇನ್ನೊಂದು ಹೋಳಿಗೆ ಬಡಿಸಲೇ ಎಂದು ಕೇಳಲು ನನ್ನ ಬೆನ್ನು ತಟ್ಟಿದರು. ಅಷ್ಟೇ. ಮುಂದಿನದು ನನಗೆ ತಿಳಿದದ್ದು ಹಂದರದ ಕೊನೆಯ ಕಂಬವನ್ನು ಎಡಗೈಯಲ್ಲಿ ಹಿಡಿದು ಗರಗರನೆ ತಿರುಗುತ್ತಿದ್ದಾಗ. ಬಲಗೈಯಲ್ಲಿ ಅರ್ಧ ಹೋಳಿಗೆ. ಇಡೀ ಪಂಕ್ತಿ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿತ್ತು.

“ಬ್ಯಾಡಾಗಿದ್ರ ಬ್ಯಾಡ ಅನಬೇಕವಾ,” ಅಂದರು ಪಾರ್ವತವ್ವ. “ಹೋಳಿಗಿಗೆ ಹೆದರಿ ಓಡೂದೇನ?”

ನಮ್ಮ ಅತ್ತೆ ದಾಕ್ಷಾಯಿಣಿಯವರು ಮಾತ್ರ ತುಪ್ಪದ ಗಿಂಡಿ ಕೆಳಗಿಳಿಸದೆ, “ಓಡಿದ್ರ ಓಡ್ಲಿ ಬಿಡs ಯಕ್ಕಾ, ತಿರಗಿ ನಮ್ಮನೀಗೇ ಬಂದ್ಲಲ್ಲ” ಎಂದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲೇ. ಆದರೆ ಅಂದಿನಿಂದ ನೆಂಟರಿಗೆ ನನ್ನನ್ನು ಪರಿಚಯಿಸುವಾಗ “ಇಕಿ ಮೊದಲ ಏನೋ ಆಡತಿದ್ಲಂತ” ಎನ್ನುತ್ತಾರೆ. ಆ ‘ಏನೋ’ ಇದೆಯಲ್ಲ ಸಾರ್, ಅದು ನನ್ನ ಇಡೀ ಆಯುಷ್ಯ. ಅದನ್ನು ತೆಗೆದರೆ ಉಳಿಯುವವಳು ಯಾರು? ಚಹಾ ಸೋಸುವಾಗ, ಬಟ್ಟೆ ಒಣಹಾಕುವಾಗ ನಾನು ಇದನ್ನೇ ಯೋಚಿಸುತ್ತೇನೆ. ಸುಖವಾಗಿಯೇ ಇದ್ದೇನೆ, ವಿಪರೀತ ಸುಖವಾಗಿದ್ದೇನೆ. ಆದರೆ ಸುಖವಾಗಿರುವವಳು ಯಾರು ಎಂದು ಕೇಳಿದರೆ ಉತ್ತರ ಗೊತ್ತಿಲ್ಲ.

ಹಳೆಯ ಜಾಗವನ್ನೇ ವಾಪಸ್ ಕೇಳುತ್ತಿದ್ದಾಳೆ ಎಂದು ತಾವು ತಿಳಿಯಬಾರದು. ಒಂದು ಸಂಜೆ ಮೈದಾನಕ್ಕೆ ಹೋಗಿ ಕಾಲೇಜು ಹುಡುಗಿಯರ ಜೊತೆ ಇಳಿದು ನೋಡಿದೆ. ಮೊದಲ ಸುತ್ತು ಮುಗಿಯುವ ಮೊದಲೇ ಔಟ್. ಔಟ್ ಮಾಡಿದವಳು ಹತ್ತಿರ ಬಂದು, “ಸಾರಿ ಆಂಟಿ, ಜೋರಾಗಿ ಬಿತ್ತಾ?” ಎಂದಳು. ಕೈ ಜೋರಾಗಿ ಬೀಳಲಿಲ್ಲ. ‘ಆಂಟಿ’ ಬಿತ್ತು. ಮನೆಗೆ ಬಂದು ಪವನ್ ಹತ್ತಿರ ಹೇಳಿಕೊಂಡರೆ ಅವರು ಬಹಳ ಗಂಭೀರವಾಗಿ, “ನನಗ ಮೊನ್ನೆ ಒಬ್ಬಾಂವ ಅಜ್ಜಾರ ಅಂದ. ಪೈಪ್ ಕೊಟ್ಟು ಕಳಸಿದೆ” ಎಂದರು. ಹುಡುಗಿಯರ ಜಾಗ ಹುಡುಗಿಯರಿಗೇ ಇರಲಿ. ಅವರು ನನ್ನನ್ನು ಎಬ್ಬಿಸಿ ಆ ಜಾಗದಲ್ಲಿ ಕೂತಿದ್ದಾರೆ. ಆಟದ ನಿಯಮವೇ ಅದು. ಎದ್ದವಳು ಮುಂದೆ ಓಡಬೇಕು ಎಂಬುದೂ ನಿಯಮವೇ ತಾನೇ? ನಾನು ಎಲ್ಲಿಗೆ ಓಡಲಿ? ತಾವು ತೋರಿಸಿದ್ದು ಕುರ್ಚಿ.

ಇನ್ನು ಆ ಕುರ್ಚಿಯ ಕಥೆ. ತಾವು ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುತ್ತಿದ್ದುದರಿಂದ ಪೂರ್ತಿ ನೋಡಿರಲಿಕ್ಕಿಲ್ಲ. ಒಬ್ಬೊಬ್ಬರೇ ಹೊರಹೋಗಿ ಕೊನೆಗೆ ಒಂದು ಕುರ್ಚಿ, ಇಬ್ಬರು ಹೆಂಗಸರು ಉಳಿದೆವು. ಎದುರಿನವಳು ಕಾಲ್ಬೆರಳ ಮೇಲೆ ನಿಂತ ರೀತಿ ಎಲ್ಲೋ ನೋಡಿದಂತಿತ್ತು. ಮುಖ ನೋಡಿದೆ. ಚೇತನಾ! ಹೇರೂರಿನ ಚೇತನಾ, ಸಿದ್ದಾಪುರ ಟೀಮಿನವಳು, ಶಾಲೆಯಲ್ಲಿದ್ದಾಗಿನಿಂದ ನನ್ನ ಕೈಗೆ ಒಮ್ಮೆಯೂ ಸಿಗದವಳು. ಅವಳನ್ನೂ ಶಿರಸಿಗೇ ಕೊಟ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅವಳೂ ನನ್ನನ್ನು ಗುರುತಿಸಿದಳು; ಗುರುತಿಸಿದ ಕೂಡಲೇ ಮೊಣಕಾಲು ಸ್ವಲ್ಪ ಬಗ್ಗಿಸಿದಳು. ಹಾಡು ನಿಂತಿತು. ಕುರ್ಚಿ ಖಾಲಿ. ನಾನು ಕೂರುವುದು ಬಿಟ್ಟು ಅವಳನ್ನು ಮುಟ್ಟಲು ಹಾರಿದೆ. ಅವಳೂ ಕೂರುವುದು ಬಿಟ್ಟು ತಪ್ಪಿಸಿಕೊಂಡಳು. ಕುರ್ಚಿಯ ಸುತ್ತ, ಆಮೇಲೆ ಧ್ವಜದ ಕಂಬದ ಸುತ್ತ, ಆಮೇಲೆ ತಮ್ಮ ವೇದಿಕೆಯ ಹಿಂದೆ. ಸೀರೆ ಉಟ್ಟುಕೊಂಡು ಸಾರ್! ಮೈಕಿನವನು “ಅಕ್ಕಾರೇ, ಕುರ್ಚಿ ಇಲ್ಲಿದೆ, ಕುರ್ಚಿ ಇಲ್ಲಿದೆ” ಎಂದು ಕೂಗುತ್ತಿದ್ದ.

“ಎಂತ ಮಾರಾಯ್ತಿ, ಇನ್ನೂ ಬಿಡೂದಿಲ್ವನೇ ನನ್ನ?” ಎಂದು ಅವಳು ಓಡುತ್ತಲೇ ಕಿರುಚಿದಳು.

“ಒಂದ್ಸಲ ಸಿಗೇ, ಬಿಡ್ತೀನಿ!”

ಸಿಗಲಿಲ್ಲ. ಇಬ್ಬರೂ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕು ನಕ್ಕು ಅತ್ತೆವು. ನಿರ್ಣಾಯಕರು ಇಬ್ಬರನ್ನೂ ಅನರ್ಹಗೊಳಿಸಿ, ನಮ್ಮಿಬ್ಬರಿಗಿಂತ ಸ್ವಲ್ಪ ಮೊದಲಷ್ಟೇ ಹೊರಹೋಗಿ ಮೂರನೆಯ ಸ್ಥಾನದಲ್ಲಿದ್ದ ಪಾರ್ವತವ್ವನನ್ನು ಕರೆದು ಬಹುಮಾನದ ಸ್ಟೀಲ್ ಡಬ್ಬಿ ಕೊಟ್ಟರು. ಅವರು ಹೋಳಿಗೆ ಮಾಡಿದಾಗಲೆಲ್ಲ ಅದನ್ನು ಅದೇ ಡಬ್ಬಿಯಲ್ಲಿಟ್ಟು ನನ್ನ ಮುಂದೆಯೇ ಮುಚ್ಚಳ ತೆಗೆಯುತ್ತಾರೆ.

ಆದರೆ ಸಾರ್, ಅಂದು ಸುತ್ತ ನಿಂತಿದ್ದ ಹೆಂಗಸರು ಯಾವುದಕ್ಕೆ ಸೀಟಿ ಹೊಡೆದರು? ಕುರ್ಚಿಗೋ, ಓಟಕ್ಕೋ? ಆಟ ಮುಗಿದ ಮೇಲೆ ಒಬ್ಬೊಬ್ಬರಾಗಿ ನಮ್ಮ ಹತ್ತಿರ ಬಂದರು. ತಾನು ಶಾಲೆಯಲ್ಲಿ ಆಡಿದ್ದೆ ಎಂದಳು ಒಬ್ಬಳು. ಆಡಬೇಕೆಂದಿದ್ದೆ, ಮನೆಯಲ್ಲಿ ಬಿಡಲಿಲ್ಲ ಎಂದಳು ಇನ್ನೊಬ್ಬಳು. ನಮ್ಮ ಅತ್ತೆ ಎಲ್ಲ ಕೇಳಿಸಿಕೊಂಡು, “ಎಂಟು ಮಂದಿ ಬರೇ ಕುಂದ್ರೂದಂದ್ಯಲ್ಲ, ಹಂಗಾರ ನನ್ನ ಹೆಸರೂ ಬರಕೋ. ಕುಂದ್ರಾಕ ನನಗ ಯಾರೂ ಕಲಸಬೇಕಿಲ್ಲ” ಎಂದರು. ಈಗ ವಾರಕ್ಕೆರಡು ಸಂಜೆ ಅಂಗಡಿಯ ಹಿಂದಿನ ಜಾಗದಲ್ಲಿ, ಪವನ್ ನೆಟ್ಟುಕೊಟ್ಟ ಎರಡು ಪಿ.ವಿ.ಸಿ. ಪೈಪುಗಳ ನಡುವೆ ಆಡುತ್ತೇವೆ. ಬಂದವರಿಗೆ ಕೂರುವುದನ್ನು, ಏಳುವುದನ್ನು ನಾನೂ ಚೇತನಾಳೂ ಹೇಳಿಕೊಡುತ್ತೇವೆ. ಮೊನ್ನೆ ನೆಂಟರೊಬ್ಬರು ಬಂದಾಗ ಅತ್ತೆ ನನ್ನನ್ನು ಪರಿಚಯಿಸಿದ್ದು ಹೀಗೆ: “ಇಕಿ ನಮಗ ಓಡೂದ ಕಲಸ್ತಾಳ.” ‘ಏನೋ’ ಹೋಯಿತು, ಸಾರ್. ನಾನು ಅಡುಗೆಮನೆಗೆ ಹೋಗಿ ಚಹಾದ ನೆಪದಲ್ಲಿ ಸ್ವಲ್ಪ ಕುಣಿದು ಬಂದೆ.

ಹೀಗಾಗಿ ನಮ್ಮ ಬೇಡಿಕೆ ಚಿಕ್ಕದು. ಪಿ.ವಿ.ಸಿ. ಪೈಪು ಹಿಡಿದು ತಿರುಗಿದರೆ ಬಗ್ಗುತ್ತದೆ. ಮೈದಾನದ ಕಂಬ ಬಗ್ಗುವುದಿಲ್ಲ. ಆ ಎರಡು ಸಂಜೆ ಮೈದಾನವನ್ನು ನಮಗೆ ಬಿಟ್ಟುಕೊಡಿ. ಮುಂದಿನ ಕ್ರೀಡಾಕೂಟದಲ್ಲಿ ನಮ್ಮ ವಿಭಾಗಕ್ಕೆ ಖೋ-ಖೋ ಸೇರಿಸಿ. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಬರುವ ಭಾನುವಾರ ಸಂಜೆ ನಾವು ಮೈದಾನದ ನಡುವೆ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತೇವೆ. ಅದನ್ನು ಧರಣಿ ಎಂದು ತಿಳಿದು ಪೊಲೀಸರನ್ನು ಕರೆಯಬೇಡಿ; ಆಟ ಶುರುವಾಗುವುದೇ ಹಾಗೆ. ತಾವು ಸೀಟಿ ತಂದರೆ ಸಾಕು. ಕೂರಲು ತಮಗೊಂದು ಕುರ್ಚಿಯನ್ನು ನಾವೇ ತರುತ್ತೇವೆ.

ಇಂತಿ,
ವಯಸ್ಸಿನಿಂದ ಒಮ್ಮೆ, ಕುರ್ಚಿಯಿಂದ ಇನ್ನೊಮ್ಮೆ ಔಟ್ ಆಗಿ, ಆದರೂ ಹೊರಗೆ ಹೋಗದ
ಶಿವರಂಜನಿ ಪವನ್
ಶಿರಸಿ (ಖೋ-ಖೋದಲ್ಲಿ ಮಾತ್ರ ಇಂದಿಗೂ ಯಲ್ಲಾಪುರ)