ಅಕ್ಕ ಟೀಗೆ ಹೋದ ಹೊತ್ತು

ಮಾರ್ಚ್ ೧೧, ಮಂಗಳವಾರ. ನಮ್ಮ ಸರ್ವರ್ ಕೋಣೆಯ ಹಿರಿಯಕ್ಕ ಇಂದು ನನ್ನ ಎದೆಯನ್ನೇ ರೀಸ್ಟಾರ್ಟ್ ಮಾಡಿಸಿದರು. ಮಗಳ ಹೆರಿಗೆಗೆ ಅವರು ರಜೆ ಹಾಕಬೇಕು, ಆರು ವರ್ಷದಲ್ಲಿ ಮೊದಲನೆಯದು. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ನನ್ನ ಕೈಗೆ.

ಇರುವುದು ಎರಡು ಸರ್ವರ್. ಒಂದು ದುಡಿಯುತ್ತದೆ, ಅದು ಬಿದ್ದರೆ ಹೊರೆ ಹೊರಲು ಇನ್ನೊಂದು ನನ್ನಂತೆ ಸುಮ್ಮನೆ ಕೂತಿರುತ್ತದೆ. ಅದನ್ನು ಭಾನುವಾರ ನಾನೇ ಪರೀಕ್ಷಿಸುತ್ತೇನೆ ಎಂದೆ.

"ಖಾಲಿ ಆಸ್ಪತ್ರೇಲಿ ಯಾರು ಬೇಕಾದ್ರೂ ಗೆಲ್ತಾರೆ ಕಣೋ. ಈಗಲೇ ಎರಡನೇದಕ್ಕೆ ಬದಲಾಯಿಸು."

ಬೆಳಗಿನ ಹನ್ನೊಂದು, ಕೌಂಟರಿನಲ್ಲಿ ಜನವೋ ಜನ. ಕನ್ಸೋಲಿನಲ್ಲಿ ಗುಂಡಿ ಒತ್ತಿ ತಿರುಗಿದರೆ ಅಕ್ಕ ಟೀಗೆ ಹೋಗಿಯಾಗಿತ್ತು, ಫೋನನ್ನು ಮೇಜಿನ ಮೇಲೇ ಬಿಟ್ಟು. ಒಂಬತ್ತು ಸೆಕೆಂಡಿನಲ್ಲಿ ಎರಡನೆಯದು ಹೊರೆ ಹೊತ್ತಿತು. ಸರದಿಯಲ್ಲಿ ಒಬ್ಬರೂ ಗೊಣಗಲಿಲ್ಲ.

ಟೀ ಮುಗಿಸಿ ಬಂದ ಅಕ್ಕ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು. "ಬೆವರಿದೀಯ. ಒಳ್ಳೇದು. ಬೆವರದೇ ಇರೋನ ಕೈಗೆ ಆಸ್ಪತ್ರೆ ಕೊಟ್ಟು ನಾನು ಹೋಗ್ತಿರಲಿಲ್ಲ."

ಎಂಥ ಗಟ್ಟಿಗಿತ್ತಿ. ನಾಳೆಯಿಂದ ಆ ಕುರ್ಚಿಯಲ್ಲಿ ನಾನು ಎಂದರೆ...