ಕಪ್ಪು ತಟ್ಟೆಯೊಳಗಿನ ದೋಣಿ

ಮತ್ಸುಯೆ
ನವೆಂಬರ್ 7, ಶುಕ್ರವಾರ

ಪ್ರೀತಿಯ ಅಮ್ಮಾ,

ಅಜ್ಜನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ! ನೀನು ಹಿಂದಿರುಗಿಸಿದ ಆ ಕಪ್ಪು ತಟ್ಟೆಯಲ್ಲಿ ಚಿತ್ರ ಇತ್ತಮ್ಮಾ, ಕಣ್ಣಾರೆ ನೋಡಿದೆ!

ಮದುವೆಯಾಗಿ ಮೂರು ವಾರವಾದರೂ ಒಂದು ಕಾಗದವಿಲ್ಲವೆಂದು ಬೈಯಬೇಡ. ಫೋನು ಮಾಡಬಹುದಿತ್ತು, ಆದರೆ ಮತ್ಸುಯೆ ಎಂದೊಡನೆ ನೀನು ಇಟ್ಟುಬಿಡುತ್ತೀಯ. ಕೋಟೆ ನೋಡುತ್ತೇವೆಂದು ಹೇಳಿದ್ದು ಅರ್ಧ ಸುಳ್ಳು. ಕೋಟೆಯಿಂದಿಳಿದು, ಕಂದಕ ದಾಟಿ, ನೇರ ನಿನ್ನ ತವರಿಗೆ ಹೋದೆವು.

ಬಾಗಿಲು ತೆಗೆದ ಮೊರಿಕಾಜು ಮಾವ, "ಯಾರ ಮಗಳು ಅಂತ ಕೇಳೋದೇ ಬೇಡ. ನನ್ನ ತಂಗಿಯದೇ ಹಠಮಾರಿ ಮೂಗು! ಬಾರೇ ಒಳಗೆ" ಎಂದರು. ನನ್ನ ಟೆಟ್ಸುರೊ ಹಸಿರು ಚಹಾದ ಬಟ್ಟಲನ್ನು ಒಂದೇ ಗುಟುಕಿಗೆ ಎತ್ತಿಬಿಟ್ಟ. "ಅಳಿಯಂದ್ರೇ, ಅದು ಬಿಯರ್ ಅಲ್ಲ" ಎಂದರು ಮಾವ. ಎಷ್ಟು ನಕ್ಕೆವೋ! ಆಮೇಲೆ ಗೋಡೆಯತ್ತ ನೋಡಿದೆ. ಅಲ್ಲಿ ಆ ತಟ್ಟೆ ತೂಗುತ್ತಿತ್ತು. ನಗು ನಿಂತಿತು.

ಅಜ್ಜನ ಕಸುಬಿನಲ್ಲಿ ಚಿತ್ರ ಬರೆದು ಮೇಲೆ ಅರಗಿನ ಮೆರುಗು ಬಳಿದರೆ ಮೊದಲು ಬರೀ ಕಪ್ಪು, ವರ್ಷ ಕಳೆದಂತೆ ಮೆರುಗು ತಿಳಿಯಾಗಿ ಚಿತ್ರ ಮೇಲೆ ಬರುತ್ತದೆ, ಮೂರು ವರ್ಷ ಸಾಕು ಎಂದು ನೀನೇ ಹೇಳುತ್ತಿದ್ದೆ. ಏಳು ವರ್ಷ ಕಾದರೂ ಏನೂ ಕಾಣಲಿಲ್ಲ. ಸರೋವರದಲ್ಲಿ ಕಪ್ಪೆಚಿಪ್ಪು ಬಾಚುವವನನ್ನು ಮದುವೆಯಾದ ಮಗಳಿಗೆ ಅಜ್ಜ ಮದುವೆಗೆ ಖಾಲಿ ತಟ್ಟೆ ಕೊಟ್ಟು ಸಿಟ್ಟು ತೀರಿಸಿಕೊಂಡರೆಂದು ನೀನು ಅದನ್ನು ಅಂಚೆಯಲ್ಲಿ ವಾಪಸು ಕಳಿಸಿದೆ.

ಖಾಲಿಯಲ್ಲಮ್ಮಾ. ಸರೋವರ, ದೋಣಿ, ಉದ್ದ ಕೋಲಿನ ಬುಟ್ಟಿ ಹಿಡಿದ ಅಪ್ಪ, ಮುಂತುದಿಯಲ್ಲಿ ನೀನು. ಅಪ್ಪನ ಹರಿದ ಹಳದಿ ಟೋಪಿಯನ್ನೂ ಬಿಟ್ಟಿಲ್ಲ!

"ಮತ್ತೆ ಅಷ್ಟು ವರ್ಷ ಯಾಕೆ ಕಾಣ್ಲಿಲ್ಲ ಮಾವ?"

"ನಮ್ಮಪ್ಪ ಬೇಕಂತಲೇ ದಪ್ಪಕ್ಕೆ ಬಳಿದ್ರು ಕಣೇ. 'ಬೇಗ ಕಂಡ್ರೆ ಅಪ್ಪ ಸೋತ ಅಂತಾಳೆ, ನಿಧಾನಕ್ಕೆ ಕಾಣ್ಲಿ' ಅಂದ್ರು. ಒಬ್ಬರಿಗಿಂತ ಒಬ್ಬರು ಹಠಮಾರಿಗಳು!"

ಅಪ್ಪನಿಗೆ ಆ ಟೋಪಿ ನೆನಪಿದೆಯಾ ಕೇಳು. ನೀವಿಬ್ಬರೂ ಹೀಗೇ ಜಗಳವಾಡುತ್ತ ನೂರು ವರ್ಷ ಬಾಳಿ, ನಮ್ಮನ್ನೂ ಹರಸಿ.

ನಿನ್ನ
ಫುಮಿನಾ

ತಾ.ಕ.: ಇದನ್ನು ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಹೊರಡುವಾಗ ಗೇಟಿನ ಬಳಿ ಮಾವ ನನ್ನೊಬ್ಬಳಿಗೇ ಹೇಳಿದರು. ಒಂಬತ್ತು ವರ್ಷದ ಹಿಂದೆ ಹಾಸಿಗೆ ಹಿಡಿದ ಅಜ್ಜ, "ಈಗ ಚೆನ್ನಾಗಿ ಕಾಣ್ತಿದೆ, ಅವಳಿಗೆ ಕಳ್ಸೋ" ಎಂದು ದಿನವೂ ಅನ್ನುತ್ತಿದ್ದರಂತೆ.

"ಮತ್ತೆ ವಾಪಸ್ ಬಂದ್ರೆ ಅಪ್ಪ ತಡ್ಕೊಳ್ಳಲ್ಲ ಅಂತ ನಾನು ಕಳಿಸ್ಲೇ ಇಲ್ಲ ಕಣೇ. ಕಳಿಸ್ದೆ, ನೋಡಿ ಅತ್ತಳಂತೆ ಅಂತ ಸುಳ್ಳು ಹೇಳ್ದೆ. 'ಟೋಪಿ ನೋಡಿದ್ಲಂತಾ?' ಅಂದ್ರು. ಹೂಂ ಅಂದೆ."

ಮಾರನೆಯ ದಿನ ಅಜ್ಜ ಹೋದರು. ಸುದ್ದಿ ಬಂದಾಗ ನೀನು ಅಡುಗೆಮನೆಯಿಂದ ಹೊರಗೇ ಬರಲಿಲ್ಲ, ನನಗೆ ನೆನಪಿದೆ.

ತಟ್ಟೆ ಈಗ ನನ್ನ ಹತ್ತಿರವಿದೆ. ಈ ಸಲ ಹಿಂದಿರುಗಿಸಬೇಡಮ್ಮಾ. ಬೈಯುವುದಿದ್ದರೆ ಆಮೇಲೆ ಬೈ, ಮೊದಲು ಟೋಪಿ ನೋಡು. ಒಕಾಯಾಮ ಸ್ಟೇಷನ್ನಿಗೆ ನೀನೇ ಬಾ: ಮಂಗಳವಾರ, ನವೆಂಬರ್ 11, ಮಧ್ಯಾಹ್ನದ ಯಾಕುಮೊ ರೈಲು, ಮೂರನೇ ಬೋಗಿಯಲ್ಲಿರುತ್ತೇವೆ.