ಅಲಂಕಾರಕ್ಕೊಂದು ಪ್ರಾಸ

೧೮ ನವೆಂಬರ್ ೨೦೨೫, ಮಂಗಳವಾರ. ರವೀಂದ್ರನಗರ.

ಅಕ್ಷರಾಳ ತುಟಿ ಅಲುಗಿದ್ದು ಇನ್ನೂ ಕಣ್ಣ ಮುಂದಿದೆ.

ಮೂರು ವಾರದ ಹಿಂದೆ ಒಂಬತ್ತನೇ ತರಗತಿಯಲ್ಲಿ ನಾನು "ಇವತ್ತಿನ ಪಾಠ ಸಮಾಸ" ಎಂದಾಗ, ಹಿಂದಿನ ಬೆಂಚಿನಿಂದ ಅವಳು "ಕೇಳೋಕೇ ಆಯಾಸ" ಎಂದಿದ್ದಳು. ತರಗತಿಯೆಲ್ಲ ನಕ್ಕಿತು. ಹೆಡ್‌ಮಾಸ್ಟರ್ ಗಂಗಾಧರಪ್ಪನವರು ಬಾಗಿಲಲ್ಲೇ ನಿಂತಿದ್ದರು. ನಾನು ದೂರು ಬರೆದುಕೊಟ್ಟೆ. ನಿಜ ಹೇಳಬೇಕೆಂದರೆ, ಅವಳ ಪ್ರಾಸ ನಾನು ಪಾಠದ ನಡುವೆ ಕಟ್ಟುವ ಪ್ರಾಸಗಳಿಗಿಂತ ಚೆನ್ನಾಗಿತ್ತು. ಅಂದಿನಿಂದ ಅವಳಿಗೆ ಹೊಳೆಹೊನ್ನೂರಿನ ಮನೆಯಿಂದಲೇ ಆನ್‌ಲೈನ್ ಪಾಠ, ಮೈಕ್ ಬಂದ್.

ಇವತ್ತು "ಈಗ ಅಲಂಕಾರ" ಎಂದು ಹೇಳಿ, ಹಳೆಯ ಅಭ್ಯಾಸದಂತೆ ಅವಳ ಪ್ರಾಸಕ್ಕಾಗಿ ಒಂದು ಕ್ಷಣ ಕಾದೆ. ಭದ್ರಾವತಿಯ ನಲವತ್ತು ಮಕ್ಕಳು ತಲೆ ತಗ್ಗಿಸಿ ಶೀರ್ಷಿಕೆ ಬರೆದುಕೊಂಡರು. ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಅಕ್ಷರಾಳ ತುಟಿ ಅಲುಗಿತು. ಸದ್ದು ಬರಲಿಲ್ಲ.

ಮಧ್ಯಾಹ್ನ ಫೋನ್ ಮಾಡಿದೆ. "ಅಲಂಕಾರಕ್ಕೆ ಏನಂದೆ ಮಾರಾಯ್ತಿ?"

"ಏನಿಲ್ಲ ಮಿಸ್. ಆಕಳಿಸ್ದೆ ಅಷ್ಟೆ."

ಅಷ್ಟೊಂದು ವಿನಯ ಕೇಳಿ ನನಗೆ ಹೆದರಿಕೆಯಾಯಿತು.

ಗಂಗಾಧರಪ್ಪನವರಿಗೆ ಮಾತ್ರ ಖುಷಿ. "ಕ್ಲಾಸ್ ಎಷ್ಟು ಸೈಲೆಂಟಾಗಿದೆ ನೋಡಿ ವಿಮಲಾ ಮೇಡಂ. ವಾರ್ಷಿಕ ಪರೀಕ್ಷೆವರೆಗೂ ಆ ಹುಡುಗಿ ಮನೇಲೇ ಇರ್ಲಿ. ನಾಳೆ ಆ ಆರ್ಡರ್‌ಗೆ ಒಂದು ಸೈನ್ ಹಾಕ್ಬಿಡಿ."

ಶಿವಮೊಗ್ಗಕ್ಕೆ ಬಂದು ಬಸ್ಸಿಳಿದರೆ ಮನೆಯಲ್ಲೂ ಇದೇ ಸೈಲೆನ್ಸು. ಇಲ್ಲಿ ನನ್ನೆದುರು ಬಾಯಿ ಬಿಡುವುದು ಕುಕ್ಕರ್ ಒಂದೇ, ಅದಕ್ಕೂ ಪ್ರಾಸ ಗೊತ್ತಿಲ್ಲ.

ನಾಳೆ ಸೈನ್ ಹಾಕುವುದಿಲ್ಲ. ನನ್ನ ದೂರನ್ನು ವಾಪಸ್ ಕೇಳುತ್ತೇನೆ, ಬೈದರೆ ಬೈಯಲಿ. ಸಂಜೆಯಿಂದ ತಡಕಾಡಿದರೂ ಅಲಂಕಾರಕ್ಕೆ ನನಗೆ ಸಿಕ್ಕಿದ್ದು ಅಹಂಕಾರ ಮಾತ್ರ. ಅವಳಾಗಿದ್ದರೆ ಏನನ್ನುತ್ತಿದ್ದಳೋ, ಅವಳು ತರಗತಿಗೆ ವಾಪಸ್ ಬಂದ ಮೇಲೆ ಕೇಳಬೇಕು.